ಗುಲಗಂಜಿಯ ತೂಕ



ಕಳೆದ ತಿಂಗಳು ನಾವು ಕಾರ್ಯನಿಮಿತ್ತವಾಗಿ ತಿರುಮಕೂಡಲು ನರಸೀಪುರಕ್ಕೆ ಹೋಗಬೇಕಾಯಿತು. ಕಾರ್ಯವು ನಮ್ಮದಲ್ಲ, ನಮ್ಮ ಬಾಲ್ಯಸ್ನೇಹಿತರೊಬ್ಬರದು. ಅವರ ಮಗಳಿಗೆ ಇಪ್ಪತ್ತೊಂಬತ್ತು ವರ್ಷ. ಅಲ್ಲಿಗೆ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಆಕೆಗೆ ಬೆಂಗಳೂರಿನಿಂದ ಒಂದು ಸಂಬಂಧ ಒದಗಿತ್ತು. ವರನಿಗೆ ಒಳ್ಳೆಯ ಸಂಬಳ, ಸ್ವಂತ ಮನೆ, ಕುಲಗೋತ್ರಗಳಲ್ಲಿ ಕುಂದಿಲ್ಲ, ಜಾತಕವೂ ಕೂಡಿಬಂದಿತ್ತು. ಹುಡುಗಿ ಮಾತ್ರ ಒಲ್ಲೆನೆಂದು ಕುಳಿತಿದ್ದಳು. “ತಾವು ಹಿರಿಯರು, ಬರೆಯುವವರು, ನಾಲ್ಕು ಜನ ಕೇಳುವ ಹಾಗೆ ಮಾತನಾಡಬಲ್ಲಿರಿ, ಬಂದು ಅವಳಿಗೆ ಎರಡು ಬುದ್ಧಿಮಾತು ಹೇಳಬೇಕು” ಎಂದು ಸ್ನೇಹಿತರು ಕರೆದರು. ಬುದ್ಧಿ ಹೇಳುವುದಕ್ಕೆ ಕರೆದರೆ ಹೋಗದಿರುವ ಲೇಖಕನು ಲೋಕದಲ್ಲಿ ಎಲ್ಲಿಯಾದರೂ ಇರುವನೇ? ನಾವು ಮೊದಲನೆಯ ಬಸ್ಸಿಗೇ ಹೊರಟೆವು.

ಹೋಗಿ ಹೇಳಿದ್ದೇನೆಂಬುದನ್ನು ವಾಚಕರು ಊಹಿಸಬಹುದು. ಎಲ್ಲವೂ ಒಂದೇ ಕಡೆಯಲ್ಲಿ ದೊರೆಯುವುದಿಲ್ಲ ಎಂದೆವು. ಅಳೆದೂ ಸುರಿದೂ ಆರಿಸುತ್ತ ಕುಳಿತರೆ ವಯಸ್ಸು ಕಾಯುವುದಿಲ್ಲವೆಂದೆವು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನೂ ಬಿಡಲಿಲ್ಲ. ಆ ಹುಡುಗಿ ತಾಳ್ಮೆಯಿಂದ ಎಲ್ಲವನ್ನೂ ಕೇಳಿದಳು. ಅನಂತರ ಹೇಳಿದಳು: “ಅವರು ಬಂದು ಎರಡು ಗಂಟೆ ಕುಳಿತಿದ್ದರು. ನನ್ನ ಸಂಬಳ ಎಷ್ಟೆಂದು ಅಪ್ಪನನ್ನು ಕೇಳಿದರು. ಮದುವೆಯಾದ ಮೇಲೆ ಕೆಲಸ ಬಿಡಿಸುವುದೆಂದು ಅಪ್ಪನಿಗೇ ಹೇಳಿದರು. ಚಿನ್ನದ ಮಾತನ್ನು ಸೋದರಮಾವನ ಹತ್ತಿರ ಪಿಸುಗುಟ್ಟಿದರು. ನನ್ನನ್ನು ಯಾರೂ ಏನನ್ನೂ ಕೇಳಲಿಲ್ಲ. ನಾನು ಮಕ್ಕಳಿಗೆ ಏನು ಪಾಠ ಹೇಳುತ್ತೇನೆಂದು ಕೂಡ ಕೇಳಲಿಲ್ಲ. ಇನ್ನೂ ದೊಡ್ಡ ಮನೆ, ಇನ್ನೂ ಹೆಚ್ಚು ಸಂಬಳ ಬೇಕೆಂದು ನಾನು ಹೇಳುತ್ತಿಲ್ಲ. ಅವನ ಸಂಬಳ ಇದರಲ್ಲಿ ಅರ್ಧವಿದ್ದರೂ ಆಗುತ್ತಿತ್ತು.”

ಇಷ್ಟು ಹೇಳಿ, ಸ್ವಲ್ಪ ತಡೆದು, “ನಿಮ್ಮ ತಂಗಿಗೂ ನೀವು ಹೀಗೆಯೇ ಹೇಳಿದಿರಂತೆ, ಅಲ್ಲವೆ?” ಎಂದಳು.

ಒರಟಾಗಿ ಕೇಳಲಿಲ್ಲ, ತಿಳಿಯಬೇಕೆಂದೇ ಕೇಳಿದಳು. ನಾವು ಕಾಫಿಯ ಲೋಟವನ್ನು ಕೆಳಗಿಟ್ಟು, ಹೊಳೆಯ ಕಡೆ ಹೋಗಿಬರುತ್ತೇವೆಂದು ಹೇಳಿ ಎದ್ದುಬಿಟ್ಟೆವು.

ನರಸೀಪುರದ ಹೊಳೆಯನ್ನು ಕಂಡವರಿಗೆ ಅದರ ವರ್ಣನೆ ಬೇಕಿಲ್ಲ. ನಂಜನಗೂಡಿನ ಕಡೆಯಿಂದ ಹರಿದುಬಂದ ಕಪಿಲೆಯು ಇಲ್ಲಿ ಕಾವೇರಿಯನ್ನು ಕೂಡುವುದು. ಮೂರನೆಯದಾದ ಸ್ಫಟಿಕ ಸರೋವರವು ಕಣ್ಣಿಗೆ ಕಾಣದೆ ಕೂಡುವುದೆಂದು ನಂಬಿಕೆ. 1989ರಿಂದ ಮೂರು ವರ್ಷಗಳಿಗೊಮ್ಮೆ ಕುಂಭಮೇಳವನ್ನು ನಡೆಸುವ ವಾಡಿಕೆಯೂ ಬಂದಿದೆ. ದಡದಲ್ಲಿರುವುದು ಗುಂಜಾ ನರಸಿಂಹಸ್ವಾಮಿಯ ದೇವಾಲಯ. ಗುಂಜಾ ಎಂದರೆ ಗುಲಗಂಜಿ. ಈ ಸ್ವಾಮಿಯು ತನ್ನ ಕೈಬೆರಳುಗಳ ನಡುವೆ ಒಂದು ಗುಲಗಂಜಿಯನ್ನು ಹಿಡಿದಿರುವನು. ಕಾಶಿಯನ್ನೂ ಈ ಕ್ಷೇತ್ರವನ್ನೂ ತಕ್ಕಡಿಯಲ್ಲಿಟ್ಟು ತೂಗಿದರೆ ಈ ಕಡೆಯ ತಟ್ಟೆಯು ಒಂದು ಗುಲಗಂಜಿಯಷ್ಟು ಹೆಚ್ಚು ತೂಗುವುದೆಂದು ಅದರ ತಾತ್ಪರ್ಯ.

ನಮ್ಮ ಅಕ್ಕಸಾಲಿಗರು ಹಿಂದಿನಿಂದಲೂ ಚಿನ್ನವನ್ನು ತೂಗುತ್ತಿದ್ದುದು ಈ ಬೀಜದಿಂದಲೇ. ಕೆಂಪು ಮೈ, ಕರಿಯ ತಲೆ, ಊದಿದರೆ ಹಾರಿಹೋಗುವಷ್ಟು ಹಗುರ. ರಾಗಿಯನ್ನೂ ಭತ್ತವನ್ನೂ ಅಳೆಯುವವನಿಗೆ ಗುಲಗಂಜಿಯು ಲೆಕ್ಕಕ್ಕಿಲ್ಲ; ಚಿನ್ನವನ್ನು ತೂಗುವವನು ಮಾತ್ರ ಒಂದು ಗುಲಗಂಜಿ ಕಡಮೆಯಾಗಿದೆಯೆಂದರೆ ಸುಮ್ಮನಿರಲಾರನು. ಆ ಹುಡುಗಿಯು ಕೇಳುತ್ತಿದ್ದುದೂ ಇಷ್ಟೇ ಅಲ್ಲವೆ ಎಂದು ಸೋಪಾನದ ಮೇಲೆ ಕುಳಿತ ನಮಗೆ ತೋರಿತು. ಮನೆ, ಸಂಬಳ, ಜಾತಕಗಳೆಲ್ಲ ಮೂಟೆಗಟ್ಟಲೆ ಬಂದಿದ್ದುವು. ಕಡಮೆಯಾಗಿದ್ದುದು ಒಂದು ಗುಲಗಂಜಿ. ನಾವು ಅದನ್ನು ಭತ್ತದ ಸೇರಿನಿಂದ ಅಳೆಯಹೋಗಿದ್ದೆವು.

ಹೊಳೆಯ ನೀರನ್ನು ನೋಡುತ್ತ ಕುಳಿತಿದ್ದಾಗ ಅದು ಬಂದ ದಾರಿಯ ಕಡೆಗೆ ಮನಸ್ಸು ಹೋಯಿತು. ಈ ಕಪಿಲೆಯ ಮೇಲುಭಾಗದಲ್ಲಿ, ನಂಜನಗೂಡಿನಲ್ಲಿ, 1887ರಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ಆ ಊರಿನಲ್ಲಿ ವಕೀಲರು. ಮಗುವಿಗೆ ತಿರುಮಲಾಂಬಾ ಎಂದು ಹೆಸರಿಟ್ಟರು. ಹತ್ತನೆಯ ವಯಸ್ಸಿನಲ್ಲಿ ಮದುವೆ ಮಾಡಿದರು. ಮೈಸೂರು ಸರ್ಕಾರವು 1894ರಲ್ಲಿಯೇ ಬಾಲ್ಯವಿವಾಹವನ್ನು ತಡೆಯುವ ಕಾಯಿದೆಯನ್ನು ತಂದಿತ್ತೆಂಬುದು ನಿಜ. ಆದರೆ ಅದು ನಿಷೇಧಿಸಿದ್ದುದು ಎಂಟು ತುಂಬದ ಹುಡುಗಿಯರ ಮದುವೆಯನ್ನು. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಕಟ್ಟಿಕೊಳ್ಳಬಾರದೆಂದೂ ಹೇಳಿತ್ತು. ಹತ್ತು ವರ್ಷದ ಹುಡುಗಿಯ ಮದುವೆಯು ಕಾಯಿದೆಗೆ ಒಪ್ಪಿದುದೇ ಆಗಿತ್ತು. ಅಷ್ಟನ್ನು ತರುವುದಕ್ಕೇ ಆಗ ಎಷ್ಟು ವಿರೋಧ ಬಂದಿತ್ತೆಂಬುದನ್ನು ನೆನೆದರೆ, ಆ ಕಾಲದವರು ಹೆಣ್ಣುಮಗುವಿಗೆ ಎಷ್ಟು ಸಾಕೆಂದು ತಿಳಿದಿದ್ದರೆಂಬುದು ತಾನಾಗಿಯೇ ತಿಳಿಯುವುದು.

ಹದಿನಾಲ್ಕನೆಯ ವಯಸ್ಸಿನಲ್ಲಿ ತಿರುಮಲಾಂಬಾ ವಿಧವೆಯಾದರು.

ಈ ಒಂದು ವಾಕ್ಯವನ್ನು ಈಗಿನ ವಾಚಕರು ಓದಿ ಮುಂದೆ ಹೋಗಿಬಿಡಬಹುದು. ಸ್ವಲ್ಪ ನಿಲ್ಲಬೇಕೆಂದು ಬೇಡುತ್ತೇವೆ. ಆ ಕಾಲದಲ್ಲಿ ಅಂತಹ ಮನೆತನಗಳ ಹದಿನಾಲ್ಕು ವರ್ಷದ ವಿಧವೆಗೆ ಮುಂದಿನ ಬಾಳಿನಲ್ಲಿ ಏನೇನು ಉಂಟು, ಏನೇನು ಇಲ್ಲವೆಂಬುದನ್ನು ಲೋಕವು ಮೊದಲೇ ಬರೆದಿಟ್ಟಿತ್ತು. ಅಡಿಗೆಯ ಮನೆಯ ಒಂದು ಮೂಲೆ ಉಂಟು. ಬಾಣಂತಿಯರ ಸೇವೆ ಉಂಟು. ಒಪ್ಪೊತ್ತಿನ ಊಟ ಉಂಟು. ಮದುವೆಯ ಚಪ್ಪರದಲ್ಲಿ ಸ್ಥಳವಿಲ್ಲ. ಬೆಳಗಿನ ಹೊತ್ತು ಪ್ರಯಾಣಕ್ಕೆ ಹೊರಟವರ ಎದುರಿಗೆ ಬರುವ ಅಧಿಕಾರವಿಲ್ಲ. ಇಷ್ಟರಲ್ಲಿಯೇ ಸಮಾಧಾನ ತಂದುಕೊಳ್ಳುವುದನ್ನು ಧರ್ಮವೆಂದು ಹೇಳುತ್ತಿದ್ದರು. ಹೇಳುತ್ತಿದ್ದವರು ಕ್ರೂರಿಗಳಲ್ಲ, ಬಹುಮಟ್ಟಿಗೆ ಅವಳನ್ನು ಪ್ರೀತಿಸುತ್ತಿದ್ದ ತಾಯಿತಂದೆಗಳು, ಅತ್ತೆ ಸೋದರತ್ತೆಯರು. ‘ಹೊಂದಿಕೊಂಡು ಹೋಗು’ ಎಂಬ ಮಾತನ್ನು ಹಗೆಗಳು ಹೇಳುವುದಿಲ್ಲ. ಅದು ಯಾವಾಗಲೂ ಬೇಕಾದವರ ಬಾಯಿಂದಲೇ ಬರುವುದು; ಆದುದರಿಂದಲೇ ಅದನ್ನು ಮೀರುವುದು ಕಷ್ಟ.

ತಿರುಮಲಾಂಬಾ ಅವರ ತಂದೆಯು ಮಗಳ ಕೈಗೆ ಪುಸ್ತಕವನ್ನು ಕೊಟ್ಟರು. ಮನೆಯಲ್ಲಿಯೇ ವಿದ್ಯಾಭ್ಯಾಸ ನಡೆಯಿತು. ಇಲ್ಲಿಗೆ ಕಥೆ ಮುಗಿದಿದ್ದರೂ ಒಂದು ದಯಾಳುವಾದ ಮನೆಯ ಕಥೆಯಾಗುತ್ತಿತ್ತು. ದುಃಖಿತೆಯಾದ ಮಗಳು ಪುರಾಣಗಳನ್ನು ಓದಿಕೊಂಡು ಕಾಲ ಕಳೆದಳೆಂದು ಊರವರು ಮೆಚ್ಚುತ್ತಿದ್ದರು. ಆಕೆಗೆ ಅಷ್ಟು ಸಾಲಲಿಲ್ಲ. ಓದಿದವಳು ಬರೆದಳು, ಬರೆದವಳು ಅಚ್ಚು ಹಾಕಿಸಬೇಕೆಂದಳು. 1913ರಲ್ಲಿ ‘ಸತೀಹಿತೈಷಿಣೀ’ ಎಂಬ ಗ್ರಂಥಮಾಲೆಯನ್ನು ತಾವೇ ಆರಂಭಿಸಿ, ‘ಸುಶೀಲೆ’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಅದು ಮತ್ತೆ ಮತ್ತೆ ಅಚ್ಚಾಯಿತು. ‘ನಭಾ’, ‘ವಿರಾಗಿಣಿ’, ‘ಮಾತೃನಂದಿನಿ’ ಮೊದಲಾದುವು ಒಂದರ ಹಿಂದೆ ಒಂದು ಬಂದುವು. (ಅದೇ 1913ರಲ್ಲಿ ಅದೇ ಊರಿನಲ್ಲಿ ಬಿ. ವಿ. ಪಂಡಿತರು ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು. ಅವರ ಹಲ್ಲುಪುಡಿಯನ್ನು ಕಂಡರಿಯದ ಮನೆ ಮೈಸೂರು ಸೀಮೆಯಲ್ಲಿ ಇರಲಾರದು. ಆ ವರ್ಷ ನಂಜನಗೂಡಿನಿಂದ ಹೊರಟ ಎರಡು ಸರಕುಗಳಲ್ಲಿ ಒಂದನ್ನು ನೆನಪಿನಲ್ಲಿಟ್ಟುಕೊಂಡು ಇನ್ನೊಂದನ್ನು ನಾವು ಮರೆತೆವು.)

1917ರಲ್ಲಿ ತಿರುಮಲಾಂಬಾ ಅವರು ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಕನ್ನಡದಲ್ಲಿ ಹೆಂಗಸರಿಗಾಗಿ ಹೆಂಗಸೊಬ್ಬರು ಸಂಪಾದಕಿಯಾಗಿ ನಡೆಸಿದ ಪತ್ರಿಕೆಗಳಲ್ಲಿ ಅದು ಮೊದಲನೆಯ ಸಾಲಿನದು. ಮನೆಮನೆಯ ಪತ್ರಿಕೆಯಲ್ಲಿ ಬರೆಯುವ ನಮ್ಮಂಥವರು ಆಕೆಗೆ ಋಣಿಗಳು. ಒಂದು ಪತ್ರಿಕೆಯೆಂದರೆ ಏನೇನು ತೊಂದರೆಗಳೆಂಬುದನ್ನು ಬಲ್ಲವರು ಬಲ್ಲರು: ಕಾಗದ ತರಿಸಬೇಕು, ಅಚ್ಚಿನ ತಪ್ಪು ತಿದ್ದಬೇಕು, ಚಂದಾ ಕಳುಹಿಸದವರಿಗೆ ನಯವಾಗಿ ನೆನಪು ಮಾಡಬೇಕು, ಅಂಚೆಗೆ ಹಾಕಬೇಕು. ಲೋಕವು ಯಾರನ್ನು ಶುಭಕಾರ್ಯದಲ್ಲಿ ಎದುರಿಗೆ ಬರಬೇಡವೆಂದು ಹೇಳಿತ್ತೋ, ಆಕೆಯ ಹೆಸರನ್ನು ಹೊತ್ತ ಪತ್ರಿಕೆಯು ತಿಂಗಳು ತಿಂಗಳೂ ಮುತ್ತೈದೆಯರ ಮನೆಯ ಬಾಗಿಲನ್ನು ಹೊಕ್ಕು ಕುಶಲ ಕೇಳಿತು.

ಆಕೆಯನ್ನು ಈಗಿನ ಅರ್ಥದಲ್ಲಿ ಬಂಡಾಯಗಾರ್ತಿಯೆಂದು ಕರೆಯುವುದಕ್ಕೆ ನಾವು ಸಿದ್ಧರಿಲ್ಲ. ಅವರ ನಾಯಿಕೆಯರು ಬಹುಮಟ್ಟಿಗೆ ಪತಿವ್ರತೆಯರು, ಸಹನಶೀಲೆಯರು. ಗ್ರಂಥಮಾಲೆಯ ಹೆಸರಿನಲ್ಲಿಯೇ ‘ಸತೀ’ ಶಬ್ದವಿದೆ. ಇದನ್ನು ಕಂಡು ಇಂದಿನ ಕೆಲವರು ಮುಖ ಕಿರಿದು ಮಾಡುವರು. ನಮಗೆ ಹಾಗೆ ತೋರುವುದಿಲ್ಲ. ಆಕೆ ಲೋಕದ ಎಲ್ಲ ಕಟ್ಟುಗಳನ್ನೂ ಕಿತ್ತೊಗೆಯಲಿಲ್ಲ. ತನಗೆಂದು ಅಳೆದುಕೊಟ್ಟ ಅಳತೆಯನ್ನು ಮಾತ್ರ ಒಪ್ಪಲಿಲ್ಲ. ಬೇಡವೆನ್ನುವುದರಲ್ಲಿ ಎಷ್ಟನ್ನು ಬೇಡವೆನ್ನಬೇಕೆಂಬುದನ್ನು ಅವರವರೇ ತಿಳಿಯಬೇಕು. ನೂರು ವರ್ಷಗಳಾದ ಮೇಲೆ ಬಂದ ನಾವು ಸಾಲದೆಂದು ಹೇಳುವುದು ಸುಲಭ.

ಮೆಚ್ಚದ ವಿಮರ್ಶೆಗಳೂ ಬಂದುವು. ಆಮೇಲೆ ಬರೆಹ ನಿಂತಿತು. ಆಕೆ ಊರನ್ನು ಬಿಟ್ಟು ಮದರಾಸಿಗೆ ಹೋಗಿ ನೆಲೆಸಿದರು. ಕನ್ನಡನಾಡು ಆಕೆಯನ್ನು ಬಹುಕಾಲ ಮರೆಯಿತು. ಕೊನೆಗೆ ಸಿ. ಎನ್. ಮಂಗಳಾ ಮೊದಲಾದ ವಿದುಷಿಯರು ಆಕೆಯನ್ನು ಮತ್ತೆ ಬೆಳಕಿಗೆ ತಂದರು. 1982ರಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ, ತಿರುಮಲಾಂಬಾ ತೀರಿಕೊಂಡರು. ವೈಧವ್ಯವು ಬಂದು ಎಂಬತ್ತು ವರ್ಷಗಳು ಕಳೆದಿದ್ದುವು. ಎಂಬತ್ತು ವರ್ಷ! ಅಡಿಗೆಯ ಮನೆಯ ಮೂಲೆಯೇ ಸಾಕೆಂದು ಹದಿನಾಲ್ಕರಲ್ಲಿ ಒಪ್ಪಿದ್ದರೆ ಆ ಮೂಲೆಯಲ್ಲಿ ಎಂಬತ್ತು ವರ್ಷ ಕೂರಬೇಕಾಗಿತ್ತು. ‘ಇಷ್ಟಕ್ಕೆ ಸಮಾಧಾನಪಟ್ಟುಕೋ’ ಎನ್ನುವವರು ಈ ಲೆಕ್ಕವನ್ನು ಹಾಕುವುದಿಲ್ಲ. ಅವರು ಆ ದಿನದ ಗಲಾಟೆ ಮುಗಿದರೆ ಸಾಕೆನ್ನುವರು.

ಆಕೆ ಒಬ್ಬರೇ ಅಲ್ಲವೆಂಬುದೂ ನಿಜ. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರೂ ಬಾಲವಿಧವೆಯೇ, ಅವರು 1921ರಲ್ಲಿ ‘ಸರಸ್ವತಿ’ ಪತ್ರಿಕೆಯನ್ನು ತೆಗೆದು ದಶಕಗಳ ಕಾಲ ನಡೆಸಿದರು, 1938ರಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಸ್ವಂತ ಮಕ್ಕಳಿಲ್ಲದವರ ಅಂಗಳದಲ್ಲಿ ಊರಿನ ಮಕ್ಕಳೆಲ್ಲ ಆಡಿದರು. ಮದರಾಸಿನಲ್ಲಿ ಸೋದರಿ ಸುಬ್ಬಲಕ್ಷ್ಮಿಯವರು 1911ರಲ್ಲಿ ಪದವಿ ಪಡೆದು, ತಮ್ಮಂತಹ ಹುಡುಗಿಯರನ್ನು ಒಟ್ಟುಗೂಡಿಸಿ ಓದಿಸಿದರು. ಪುಣೆಯಲ್ಲಿ ಕರ್ವೆಯವರು 1896ರಲ್ಲಿಯೇ ವಿಧವೆಯರಿಗಾಗಿ ಸಂಸ್ಥೆಯನ್ನು ತೆರೆದಿದ್ದರು. ಆದರೆ ನಂಜನಗೂಡು ದೊಡ್ಡ ಪಟ್ಟಣವಲ್ಲ. ಅಲ್ಲಿ ಅಂತಹ ಸಂಸ್ಥೆಯ ಆಸರೆಯಿರಲಿಲ್ಲ. ಬೆಂಗಳೂರು ಮದರಾಸುಗಳಲ್ಲಿ ನಾಲ್ಕು ಜನ ಜೊತೆಗಿರುವರು. ಚಿಕ್ಕ ಊರಿನಲ್ಲಿ ಒಲ್ಲೆನೆನ್ನುವವಳು ಸಾಮಾನ್ಯವಾಗಿ ಒಬ್ಬಳೇ ಒಲ್ಲೆನೆನ್ನಬೇಕು. ನಮ್ಮ ಸ್ನೇಹಿತರ ಮಗಳು ಒಳಗೆ ಒಬ್ಬಳೇ ಕುಳಿತಿದ್ದುದು ನಮಗೆ ಆಗ ನೆನಪಾಯಿತು.

ನರಸೀಪುರ ತಾಲ್ಲೂಕಿನವರು ಇಲ್ಲಿ ಇನ್ನೊಬ್ಬಳ ಹೆಸರನ್ನು ಹೇಳುವರೆಂದು ಬಲ್ಲೆವು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ತೆಗೆದುಕೊಂಡ ಮೇಲೆ, ತನ್ನ ಒಡವೆಗಳನ್ನು ಕೊಡಲೊಲ್ಲದೆ ಮಾಲಂಗಿಯ ಮಡುವಿಗೆ ಹಾರಿದ ಅಲಮೇಲಮ್ಮನ ಕಥೆಯು ತಲಕಾಡಿನ ಮರಳಿನಷ್ಟೇ ಪ್ರಸಿದ್ಧ. ಶಾಪದ ಮಾತನ್ನು ನಂಬುವವರು ನಂಬಲಿ. ನಮಗೆ ಆ ಕಥೆಯನ್ನು ಕೇಳಿದಾಗಲೆಲ್ಲ ಒಂದು ಸಂಕಟವಾಗುವುದು. ಹೆಣ್ಣು ಒಲ್ಲೆನೆಂದು ಹೇಳಿದುದನ್ನು ನಮ್ಮ ಜನ ಹಾಡಿ ಹೊಗಳಬೇಕಾದರೆ ಅವಳು ಮೊದಲು ಮಡುವಿಗೆ ಹಾರಬೇಕು! ಬದುಕಿದ್ದು, ಉಂಡು, ಉಟ್ಟು, ಪತ್ರಿಕೆ ನಡೆಸಿ, ತೊಂಬತ್ತೈದು ವರ್ಷ ಬಾಳಿ ಒಲ್ಲೆನೆಂದವಳ ಮೇಲೆ ಲಾವಣಿ ಹುಟ್ಟುವುದಿಲ್ಲ.

ಇನ್ನು ನಮ್ಮ ತಂಗಿಯ ಮಾತು. ಬರೆಯದೆ ಬಿಡಬಹುದಾಗಿತ್ತು, ಆದರೆ ಪರರ ಮನೆಯ ವಿಷಯವನ್ನು ಬರೆದು ನಮ್ಮದನ್ನು ಮುಚ್ಚಿಡುವುದು ನ್ಯಾಯವಲ್ಲ. ಅವಳ ಮದುವೆಯಾಗಿ ಮೂವತ್ತು ವರ್ಷಗಳು ಮೀರಿದುವು. ನಿಶ್ಚಿತಾರ್ಥದ ಹಿಂದಿನ ರಾತ್ರಿ ಅವಳು ಹಿತ್ತಿಲ ಬಾಗಿಲಿನಲ್ಲಿ ನಿಂತು, “ಅಣ್ಣಾ, ಈ ಮನೆ ನನಗೆ ಬೇಡವೆಂದು ತೋರುತ್ತದೆ” ಎಂದಳು. ಏಕೆಂದು ಕೇಳಿದೆವು. ಕಾರಣವನ್ನು ಹೇಳಲು ಅವಳಿಗೆ ಬರಲಿಲ್ಲ. ಕಾರಣವಿಲ್ಲದೆ ಒಳ್ಳೆಯ ಸಂಬಂಧವನ್ನು ಬಿಡುವುದುಂಟೆ, ಹೊಂದಿಕೊಂಡರೆ ಎಲ್ಲವೂ ಸರಿಹೋಗುವುದು ಎಂದು ನಾವು ಹೇಳಿದೆವು.

ಹೊಂದಿಕೊಂಡಳು. ಅವಳನ್ನು ಯಾರೂ ಹೊಡೆಯಲಿಲ್ಲ, ಉಪವಾಸ ಕೆಡಹಲಿಲ್ಲ. ಹಬ್ಬಕ್ಕೆ ಸೀರೆ ತಪ್ಪಲಿಲ್ಲ. ದಿನಪತ್ರಿಕೆಯು ಗಂಡಸರೆಲ್ಲರ ಕೈ ದಾಟಿ ಸಂಜೆಗೆ ಅವಳ ಕೈಗೆ ಬರುತ್ತಿತ್ತು, ಕೆಲವು ದಿನ ಬರುವ ಮುನ್ನವೇ ಪೊಟ್ಟಣ ಕಟ್ಟುವುದಕ್ಕೆ ಹೋಗುತ್ತಿತ್ತು. ತವರಿನಿಂದ ಒಯ್ದ ಪುಸ್ತಕಗಳ ಪೆಟ್ಟಿಗೆಯು ಅಕ್ಕಿಯ ಮೂಟೆಗಳ ಕೆಳಗೆ ಸೇರಿತು. ಮಾತನಾಡಿದರೆ ಉತ್ತರ ಬರುತ್ತಿತ್ತು. ಅವಳನ್ನು ಯಾರೂ ತಾವಾಗಿ ಮಾತನಾಡಿಸುತ್ತಿರಲಿಲ್ಲ. ನಮ್ಮ ಹತ್ತಿರ ಬಂದು ದೂರು ಹೇಳುವುದಕ್ಕೆ ಸಾಕಾಗುವಷ್ಟು ದೊಡ್ಡ ನೋವು ಅವಳಿಗೆ ಒಂದು ದಿನವೂ ಆಗಲಿಲ್ಲ. ದಿನಕ್ಕೊಂದು ಗುಲಗಂಜಿಯಂತೆ ಮೂವತ್ತು ವರ್ಷ ಕಡಮೆಯಾಗುತ್ತ ಬಂದಿತು. ಇದಕ್ಕೆ ಯಾವ ನ್ಯಾಯಸ್ಥಾನದಲ್ಲಿಯೂ ಫಿರ್ಯಾದಿಲ್ಲ. ವರದಕ್ಷಿಣೆಯನ್ನು 1961ರಲ್ಲಿ ಕಾಯಿದೆಯು ನಿಷೇಧಿಸಿತು; ತಂದೆಯ ಆಸ್ತಿಯಲ್ಲಿ ಮಗಳಿಗೆ ಮಗನ ಸಮನಾದ ಪಾಲನ್ನು ಕರ್ನಾಟಕವು 1994ರಲ್ಲಿಯೇ ಕೊಟ್ಟಿತು. ಆದರೆ ಊಟದ ಹೊತ್ತಿನಲ್ಲಿ ಅವಳ ಮುಖ ನೋಡಿ ಮಾತನಾಡಬೇಕೆಂದು ಯಾವ ಶಾಸನಸಭೆಯು ವಿಧಿಸಬಲ್ಲುದು?

ತೃಪ್ತಿಯನ್ನು ನಾವು ಹಳಿಯುತ್ತಿಲ್ಲ. ತೃಪ್ತಿಯು ಗೃಹಸ್ಥನ ಐಶ್ವರ್ಯವೆಂಬುದರಲ್ಲಿ ಸಂಶಯವಿಲ್ಲ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬುದೂ ಖರ್ಚಿನ ವಿಷಯದಲ್ಲಿ ನೂರಕ್ಕೆ ನೂರು ಸತ್ಯ. ಆದರೆ ಹಾಸಿಗೆಯನ್ನು ಮೊಟಕಾಗಿ ಹೊಲಿದವರೇ ಬಂದು ಈ ಗಾದೆಯನ್ನು ಹೇಳುತ್ತಿರುವಾಗ, ಕಾಲು ಮಡಿಸಿ ಮಲಗಿದವಳನ್ನು ಸಂತುಷ್ಟೆಯೆಂದು ಕರೆಯಬಹುದೆ? ಒಡವೆ, ವಾಹನ, ಬಂಗಲೆಗಳಿಗೆ ಆಸೆಪಟ್ಟು ಇರುವುದನ್ನು ಒಲ್ಲೆನೆನ್ನುವುದು ಒಂದು. ತನ್ನನ್ನು ಮನುಷ್ಯಳೆಂದು ಕಾಣುವವರ ನಡುವೆ ಬಾಳಬೇಕೆಂದು ಬಡತನವನ್ನಾದರೂ ಒಪ್ಪಿಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ವರನ ಕಡೆಯವರು ಪಟ್ಟಿ ಮಾಡಿಕೊಂಡು ಬಂದರೆ ಯೋಗ್ಯತೆಯೆನ್ನುವೆವು. ಎರಡನೆಯದನ್ನು ಹುಡುಗಿ ಬಾಯಿಬಿಟ್ಟು ಕೇಳಿದರೆ ಹಟವೆನ್ನುವೆವು. ಒಲ್ಲೆನೆಂದವಳಿಗೆ ನಾಳೆ ಇದಕ್ಕಿಂತ ಒಳ್ಳೆಯದು ದೊರೆಯುವುದೆಂಬ ಭರವಸೆಯನ್ನು ನಾವು ಕೊಡಲಾರೆವು, ದೊರೆಯದೆಯೂ ಇರಬಹುದು. ಆ ಹುಡುಗಿಗೆ ಅದು ನಮಗಿಂತ ಚೆನ್ನಾಗಿ ತಿಳಿದಿದೆ. ಒಂಟಿಯಾಗಿರುವ ಕಷ್ಟವನ್ನೂ ಜೊತೆಯಲ್ಲಿ ಒಂಟಿಯಾಗಿರುವ ಕಷ್ಟವನ್ನೂ ಅವಳು ತೂಗಿ ನೋಡಿದ್ದಳು. ತೂಗುವುದಕ್ಕೆ ನಮ್ಮ ಸಹಾಯ ಬೇಕಾಗಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಸ್ನೇಹಿತರ ಮನೆಗೆ ಹಿಂದಿರುಗಿದೆವು. ಎಲ್ಲರೂ ನಡುಮನೆಯಲ್ಲಿ ಕಾಯುತ್ತಿದ್ದರು. ಬುದ್ಧಿ ಹೇಳಲು ಬಂದವರು ಬುದ್ಧಿ ಕಲಿತು ಹೋಗುತ್ತಿದ್ದೇವೆ, ಬೆಂಗಳೂರಿಗೆ ಬೇಡವೆಂದು ತಿಳಿಸಿಬಿಡಿ ಎಂದು ಸ್ನೇಹಿತರಿಗೆ ಹೇಳಿದೆವು. ಅವರ ಪತ್ನಿಯು ಅಸಮಾಧಾನದಿಂದ ಒಳಗೆ ಹೋದರು. ಆಕೆಯ ಕಳವಳವು ಸುಳ್ಳಲ್ಲ. ಸ್ನೇಹಿತರು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಕನ್ನಡಕ ಹಾಕಿಕೊಂಡು, “ಏನೆಂದು ಬರೆಯಲಿ?” ಎಂದು ಮಗಳನ್ನೇ ಕೇಳಿದರು. ಅವಳು ಬಂದು ತಂದೆಯ ಪಕ್ಕದಲ್ಲಿ ಕುಳಿತಳು. ಇಬ್ಬರೂ ಸೇರಿ ಆ ನಾಲ್ಕು ಸಾಲುಗಳನ್ನು ಬರೆದು ಕಳುಹಿಸುವುದಕ್ಕೆ ಅರ್ಧ ಗಂಟೆಯಾಯಿತು; ಯಾರ ಮನಸ್ಸನ್ನೂ ನೋಯಿಸದಂತೆ ಬರೆದರು.

ಮನೆಗೆ ಬಂದ ಮೇಲೆ, ರಾತ್ರಿ, ತಂಗಿಗೆ ದೂರವಾಣಿಯಲ್ಲಿ ಈ ಸಂಗತಿಯನ್ನೆಲ್ಲ ತಿಳಿಸಿದೆವು. ಹಳೆಯದನ್ನು ನೆನೆದು ಕ್ಷಮೆ ಕೇಳಬೇಕೆಂದು ಮಾತುಗಳನ್ನು ಜೋಡಿಸಿಕೊಂಡಿದ್ದೆವು, ಆಡಲಾಗಲಿಲ್ಲ. ಅವಳು ಕೊನೆಯವರೆಗೂ ಮಾತನಾಡದೆ ಕೇಳಿದಳು. ಅನಂತರ, “ಅಣ್ಣಾ, ಆ ಹುಡುಗಿ ಮಕ್ಕಳಿಗೆ ಏನು ಪಾಠ ಹೇಳುತ್ತಾಳೆ?” ಎಂದು ಕೇಳಿದಳು.

ನಮಗೆ ತಿಳಿದಿರಲಿಲ್ಲ. ಒಂದು ದಿನವೆಲ್ಲ ಅವರ ಮನೆಯಲ್ಲಿದ್ದು ಬಂದಿದ್ದೆವು; ಕೇಳಿರಲಿಲ್ಲ.